ಮಳೆಗಾಲಕ್ಕೆ ಹೊಸ ಟೈರು: ಜೋಡಿ ಟೈರು ಮುಂದಕ್ಕೋ, ಹಿಂದಕ್ಕೋ?

ಮುಂಗಾರು ಸಮೀಪಿಸುತ್ತಿದ್ದಂತೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ಜಿಲ್ಲಾ ಕೇಂದ್ರಗಳ ಬೈಪಾಸ್ ಬದಿಯವರೆಗೆ ಟೈರು ಅಂಗಡಿಗಳಲ್ಲಿ ಒಂದೇ ಬಗೆಯ ಮಾತುಕತೆ ಕೇಳಿಬರುತ್ತದೆ. ಕಾರಿನ ಮುಂದಿನ ಎರಡು ಟೈರುಗಳು ಸವೆದಿವೆ, ಹಿಂದಿನವು ಇನ್ನೂ ಒಂದು ವರ್ಷ ಬರುವಂತಿವೆ. ನಾಲ್ಕನ್ನೂ ಬದಲಿಸುವುದು ಜೇಬಿಗೆ ಭಾರ, ಆದ್ದರಿಂದ ಎರಡು ಸಾಕು. ಸವೆದವನ್ನು ಕಳಚಿದ ಜಾಗದಲ್ಲೇ ಹೊಸದನ್ನು ತೊಡಿಸಿ ಕಳುಹಿಸುವುದು ವಾಡಿಕೆ. ಒಣ ರಸ್ತೆಯಲ್ಲಿ ಇದರಿಂದ ದೊಡ್ಡ ತೊಂದರೆಯೇನೂ ಕಾಣದು. ಮಳೆಯಲ್ಲಿ ಮಾತ್ರ ಇದೇ ವಾಡಿಕೆ ಕಾರನ್ನು ಬುಗುರಿಯಂತೆ ತಿರುಗಿಸಬಲ್ಲದು.

ಕಾರಣ ತಿಳಿಯಬೇಕಾದರೆ ಒದ್ದೆ ರಸ್ತೆಯಲ್ಲಿ ಟೈರು ಮಾಡುವ ಕೆಲಸವನ್ನು ಅರಿಯಬೇಕು. ಕಾರಿನ ಒಂದೊಂದು ಟೈರು ರಸ್ತೆಯನ್ನು ಮುಟ್ಟುವುದು ಸುಮಾರು ಅಂಗೈ ಅಗಲದಷ್ಟು ಜಾಗದಲ್ಲಿ. ರಸ್ತೆಯಲ್ಲಿ ನೀರು ನಿಂತಿದ್ದರೆ ರಬ್ಬರು ರಸ್ತೆಯನ್ನು ಮುಟ್ಟುವ ಮೊದಲು ಆ ನೀರು ಪಕ್ಕಕ್ಕೆ ಸರಿಯಬೇಕು. ಟ್ರೆಡ್ ಎಂದು ಕರೆಯುವ ಗೀರುಗಳಿರುವುದು ಇದಕ್ಕೆಂದೇ. ಅವು ನೀರಿಗೆ ಕಾಲುವೆಗಳು. ಹೊಸ ಕಾರು ಟೈರಿನಲ್ಲಿ ಈ ಗೀರು ಸುಮಾರು 8 ಮಿಲಿಮೀಟರ್ ಆಳವಿರುತ್ತದೆ. ಕಾಲುವೆ ಹೂಳು ತುಂಬಿದಂತೆ ಗೀರಿನ ಆಳ ಕಡಿಮೆಯಾದಾಗ ನೀರಿಗೆ ಹೋಗಲು ದಾರಿಯಿರುವುದಿಲ್ಲ. ವೇಗ ಹೆಚ್ಚಿದಾಗ ಟೈರು ರಸ್ತೆಯನ್ನು ಬಿಟ್ಟು ನೀರಿನ ಪದರದ ಮೇಲೆ ತೇಲತೊಡಗುತ್ತದೆ. ಆಗ ಬ್ರೇಕೂ ಇಲ್ಲ, ಸ್ಟಿಯರಿಂಗೂ ಇಲ್ಲ.

ತೇಲುವ ವೇಗಕ್ಕೂ ಟೈರಿನ ಗಾಳಿಗೂ ನೇರ ಸಂಬಂಧವಿದೆ. ವಿಮಾನಗಳು ಒದ್ದೆ ರನ್‌ವೇಯಲ್ಲಿ ಜಾರುವುದನ್ನು ಅಭ್ಯಸಿಸಿದ ಅಮೆರಿಕದ ನಾಸಾ 1960ರ ದಶಕದಲ್ಲಿ ಇದಕ್ಕೊಂದು ಸರಳ ಸೂತ್ರ ರೂಪಿಸಿತು. ಕಾರಿಗೆ ಅನ್ವಯಿಸಿದರೆ, 32 ಪಿಎಸ್‌ಐ ಗಾಳಿಯಿರುವ ಟೈರು ಗಂಟೆಗೆ ಸುಮಾರು 94 ಕಿ.ಮೀ. ವೇಗದಲ್ಲಿ ತೇಲುತ್ತದೆ, ಗಾಳಿ 25 ಪಿಎಸ್‌ಐಗೆ ಇಳಿದಿದ್ದರೆ ಸುಮಾರು 83 ಕಿ.ಮೀ.ಗೇ. ಬೋಳು ಟೈರು ಹಾಗೂ ಧಾರಾಳವಾಗಿ ನಿಂತ ನೀರಿಗೆ ಸಲ್ಲುವ ಲೆಕ್ಕವಿದು. ಗೀರು ಆಳವಿದ್ದಷ್ಟೂ ಈ ವೇಗ ಮೇಲಕ್ಕೆ ಹೋಗುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಕೆಲವೇ ದಿನಗಳಲ್ಲಿ ರಾಮನಗರದ ಬಳಿ ಮಳೆನೀರು ನಿಂತು ವಾಹನಗಳು ಪರದಾಡಿದ್ದು ಓದುಗರ ನೆನಪಿನಲ್ಲಿರಬಹುದು. ಅಲ್ಲಿ ಕಾರುಗಳಿಗೆ ನಿಗದಿಯಾದ ಗರಿಷ್ಠ ವೇಗ ಗಂಟೆಗೆ 100 ಕಿ.ಮೀ. ಸವೆದ ಟೈರಿನ ಕಾರು ಕಾನೂನಿನ ಮಿತಿಯೊಳಗಿದ್ದೇ ನೀರ ಮೇಲೆ ತೇಲಬಲ್ಲದು ಎಂದಾಯಿತು.

ಹಿಂದಕ್ಕೇ ಏಕೆ?

ಮಾರುಕಟ್ಟೆಯ ಬಹುಪಾಲು ಸಣ್ಣ ಕಾರುಗಳಲ್ಲಿ ಎಂಜಿನ್ ಮುಂಚಕ್ರಗಳನ್ನೇ ತಿರುಗಿಸುತ್ತದೆ. ತಿರುವು, ಬ್ರೇಕಿನ ಬಹುಭಾಗ, ಎಳೆತ ಎಲ್ಲವೂ ಮುಂದಿನ ಟೈರುಗಳ ಮೇಲೆಯೇ ಬೀಳುವುದರಿಂದ ಅವು ಬೇಗ ಸವೆಯುತ್ತವೆ. ಕೆಲಸವೆಲ್ಲ ಮುಂದಿರುವಾಗ ಹೊಸ ಟೈರೂ ಮುಂದೆಯೇ ಇರಲಿ ಎಂಬುದು ಅಂಗಡಿಯವರ ತರ್ಕ. ಕೇಳಲು ಸಮಂಜಸವಾಗಿಯೇ ಇದೆ.

ಆದರೆ ಹಿಡಿತ ತಪ್ಪಿದಾಗ ಏನಾಗುತ್ತದೆ ಎಂಬುದು ಮುಖ್ಯ. ಮುಂದಿನ ಟೈರು ಜಾರಿದರೆ ಕಾರು ತಿರುವಿನಲ್ಲಿ ತಿರುಗದೆ ನೇರ ಹೋಗಲು ನೋಡುತ್ತದೆ. ಸ್ಟಿಯರಿಂಗ್ ಹಗುರಾದದ್ದು ಕೈಗೆ ಕೂಡಲೇ ತಿಳಿಯುತ್ತದೆ. ಗಾಬರಿಗೊಂಡ ಚಾಲಕ ಸಹಜವಾಗಿ ಆಕ್ಸಿಲರೇಟರ್‌ನಿಂದ ಕಾಲು ತೆಗೆಯುತ್ತಾನೆ, ವೇಗ ಕುಗ್ಗಿ ಹಿಡಿತ ಮರಳುವ ಸಾಧ್ಯತೆ ಇರುತ್ತದೆ. ಹಿಂದಿನ ಟೈರು ಜಾರಿದರೆ ಹಾಗಲ್ಲ. ಮುನ್ಸೂಚನೆಯೇ ಇಲ್ಲದೆ ಕಾರಿನ ಹಿಂಭಾಗ ಪಕ್ಕಕ್ಕೆ ಬೀಸಿ ಇಡೀ ವಾಹನ ಗಿರಕಿ ಹೊಡೆಯುತ್ತದೆ. ಆಗ ಕಾಲು ತೆಗೆದರೂ ಬ್ರೇಕ್ ಒತ್ತಿದರೂ ಭಾರ ಮುಂದಕ್ಕೆ ವಾಲಿ ಹಿಂಭಾಗ ಮತ್ತಷ್ಟು ಹಗುರಾಗುತ್ತದೆ. ಅದನ್ನು ಸಂಭಾಳಿಸುವುದು ನುರಿತವರಿಗೂ ಕಷ್ಟ. ಮುಂದೆ ಹೊಸ ಟೈರಿದ್ದರೆ ಇನ್ನೊಂದು ಮೋಸವೂ ಉಂಟು: ಸ್ಟಿಯರಿಂಗ್ ಗಟ್ಟಿಯಾಗಿರುವ ಕಾರಣ ರಸ್ತೆ ಎಷ್ಟು ಜಾರುತ್ತಿದೆ ಎಂಬುದೇ ಚಾಲಕನಿಗೆ ಗೊತ್ತಾಗುವುದಿಲ್ಲ.

ಮಿಷಲಿನ್ ಸೇರಿದಂತೆ ಪ್ರಮುಖ ಟೈರು ತಯಾರಕರು ಎರಡೇ ಟೈರು ಕೊಂಡಾಗ ಅವುಗಳನ್ನು ಹಿಂದಕ್ಕೆ ಹಾಕಿ, ಹಿಂದಿದ್ದ ಅರ್ಧ ಸವೆದ ಜೋಡಿಯನ್ನು ಮುಂದಕ್ಕೆ ತರುವಂತೆ ಸಲಹೆ ನೀಡುವುದು ಇದೇ ಕಾರಣಕ್ಕೆ. ಮುಂದಕ್ಕೆ ಬರುವ ಆ ಜೋಡಿಯಲ್ಲೂ ಕನಿಷ್ಠ 3 ಮಿ.ಮೀ. ಆಳ ಉಳಿದಿರಬೇಕು. ಇಲ್ಲದಿದ್ದರೆ ನಾಲ್ಕನ್ನೂ ಬದಲಿಸುವುದೇ ಸರಿ. ನಾಲ್ಕೂ ಚಕ್ರಗಳಿಗೆ ಎಂಜಿನ್ ಬಲ ಹರಿಯುವ ವಾಹನಗಳಲ್ಲಂತೂ ನಾಲ್ಕು ಟೈರುಗಳ ಸವೆತ ಹೆಚ್ಚುಕಡಿಮೆ ಒಂದೇ ಇರಬೇಕಾಗುತ್ತದೆ. ಸುಮಾರು 8ರಿಂದ 10 ಸಾವಿರ ಕಿ.ಮೀ.ಗೊಮ್ಮೆ ಟೈರುಗಳನ್ನು ಅದಲುಬದಲು ಮಾಡಿಸಿದವರಿಗೆ ಈ ಸಂದಿಗ್ಧ ಎದುರಾಗುವುದು ಅಪರೂಪ.

ಸವೆತದ ಗುರುತು

ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಾರಿನ ಟೈರಿನಲ್ಲಿ ಕನಿಷ್ಠ 1.6 ಮಿ.ಮೀ. ಆಳ ಉಳಿದಿರಬೇಕು. ಗೀರುಗಳ ತಳದಲ್ಲಿ ಅಡ್ಡಲಾಗಿರುವ ಪುಟ್ಟ ರಬ್ಬರ್ ದಿಬ್ಬಗಳು ಈ ಮಟ್ಟವನ್ನು ತೋರಿಸುತ್ತವೆ. ಅವು ಎಲ್ಲಿವೆ ಎಂಬುದಕ್ಕೆ ಟೈರಿನ ಪಕ್ಕದಲ್ಲಿ ‘ಟಿಡಬ್ಲ್ಯುಐ’ ಎಂಬ ಅಕ್ಷರಗಳೋ ತ್ರಿಕೋನವೋ ಇರುತ್ತದೆ. ಆದರೆ ಕಾನೂನಿನ ಮಿತಿ ಬೇರೆ, ಮಳೆಯ ಮಿತಿ ಬೇರೆ. ಬ್ರಿಟನ್ನಿನ ಮೀರಾ ಸಂಸ್ಥೆ ನಡೆಸಿದ ಪರೀಕ್ಷೆಗಳಲ್ಲಿ, ಹೊಸ ಟೈರಿಗೆ ಹೋಲಿಸಿದರೆ 1.6 ಮಿ.ಮೀ.ಗೆ ಸವೆದ ಟೈರು ಒದ್ದೆ ರಸ್ತೆಯಲ್ಲಿ ನಿಲ್ಲಲು ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚು ದೂರ ತೆಗೆದುಕೊಂಡಿತು. ನುಣುಪಾದ ಕಾಂಕ್ರೀಟಿನ ಮೇಲೆ ಫಲಿತಾಂಶ ಇನ್ನೂ ಕಳಪೆ. ಕಾಂಕ್ರೀಟ್ ಕಂಡಿರುವ ಶಿರಾಡಿ ಘಾಟಿಯಲ್ಲಿ ಮಳೆಗಾಲದಲ್ಲಿ ಓಡಾಡುವವರು 3 ಮಿ.ಮೀ.ಗೇ ಟೈರು ಬದಲಿಸುವುದು ಲೇಸು.

ಕೊಳ್ಳುವಾಗ

ಟೈರಿನ ಮೇಲೆ 185/65 ಆರ್15 88ಎಚ್ ಎಂದಿದ್ದರೆ, ಅಗಲ 185 ಮಿ.ಮೀ., ಪಕ್ಕದ ಎತ್ತರ ಅದರ ಶೇ 65, ರಿಮ್ 15 ಇಂಚು. 88 ಎಂದರೆ ಒಂದು ಟೈರು 560 ಕಿಲೋ ಭಾರ ಹೊರಬಲ್ಲದು. ಎಚ್ ಎಂದರೆ 210 ಕಿ.ಮೀ. ವೇಗದ ಮಿತಿ. ನೋಟಕ್ಕೆ ಚೆಂದವೆಂದು ಅಗಲದ ಟೈರು ಹಾಕಿಸುವ ಖಯಾಲಿ ನಗರಗಳಲ್ಲಿ ಹೆಚ್ಚಿದೆ. ಅಗಲ ಹೆಚ್ಚಿದಷ್ಟೂ ಟೈರು ಪಕ್ಕಕ್ಕೆ ತಳ್ಳಬೇಕಾದ ನೀರೂ ಹೆಚ್ಚು. ನಿಂತ ನೀರಿನಲ್ಲಿ ಅದು ಬೇಗ ತೇಲುತ್ತದೆ. ಕಂಪೆನಿ ಸೂಚಿಸಿದ ಅಳತೆಯೇ ಮಳೆಗೆ ಉತ್ತಮ.

ಯಾವ ಟೈರು ಹೆಚ್ಚು ಬಾಳಿಕೆ ಬರುತ್ತದೆ ಎಂಬುದೇ ಗ್ರಾಹಕರ ಮೊದಲ ಪ್ರಶ್ನೆಯಾಗಿರುತ್ತದೆ. ಗಡಸು ರಬ್ಬರು ಹೆಚ್ಚು ಕಾಲ ಬಂದರೂ ಒದ್ದೆಯಲ್ಲಿ ಅದರ ಹಿಡಿತ ಸಾಮಾನ್ಯವಾಗಿ ಕಡಿಮೆ. ಸಿಲಿಕಾ ಬೆರೆಸಿದ ರಬ್ಬರು ಮಳೆಗೆ ಒಳ್ಳೆಯದು. ಅನೇಕ ಟೈರುಗಳ ಪಕ್ಕದಲ್ಲಿ ‘ಟ್ರ್ಯಾಕ್ಷನ್’ ಎಂಬ ಪದದ ಮುಂದೆ ಎಎ, ಎ, ಬಿ ಅಥವಾ ಸಿ ಎಂದಿರುತ್ತದೆ. ಇದು ಒದ್ದೆ ರಸ್ತೆಯ ಬ್ರೇಕ್ ಪರೀಕ್ಷೆಗೆ ಅಮೆರಿಕದ ಪದ್ಧತಿಯಂತೆ ಕೊಟ್ಟ ದರ್ಜೆ, ಎಎ ಅತ್ಯುತ್ತಮ. ಭಾರತದಲ್ಲೂ 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ಒದ್ದೆ ರಸ್ತೆಯ ಹಿಡಿತಕ್ಕೆ ಕನಿಷ್ಠ ಮಾನದಂಡವನ್ನು ತಂದಿತು. ಐಎಸ್‌ಐ ಗುರುತು ಇದೆಯೇ ಎಂದೂ ನೋಡಬೇಕು.

ತಯಾರಿಕೆಯ ದಿನಾಂಕ ನೋಡುವವರು ಕಡಿಮೆ. ಪಕ್ಕದ ಅಂಡಾಕಾರದ ಗುರುತಿನಲ್ಲಿ ನಾಲ್ಕು ಅಂಕೆಗಳಿರುತ್ತವೆ; 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ರಬ್ಬರು ವರ್ಷ ಕಳೆದಂತೆ ಗಡಸಾಗುತ್ತದೆ. ಆದ್ದರಿಂದ ಗೀರು ಎಷ್ಟೇ ಆಳವಿದ್ದರೂ ಅಗ್ಗಕ್ಕೆ ಸಿಗುವ ಹಳೆಯ ಟೈರು ಮಳೆಗಾಲಕ್ಕೆ ಹೇಳಿಸಿದ್ದಲ್ಲ.

ತೊಡಿಸುವಾಗ

ಗ್ರಾಹಕರು ಕಾಫಿ ಕುಡಿಯಲು ಹೋಗದೆ ಪಕ್ಕದಲ್ಲೇ ನಿಂತು ನೋಡಬೇಕಾದ ಕೆಲಸವಿದು. ಕೆಲವು ಟೈರುಗಳ ಮೇಲೆ ತಿರುಗುವ ದಿಕ್ಕಿನ ಬಾಣವಿರುತ್ತದೆ. ಉಲ್ಟಾ ತೊಡಿಸಿದರೆ ಗೀರುಗಳು ನೀರನ್ನು ಹೊರದಬ್ಬುವ ಕೆಲಸವನ್ನು ಸರಿಯಾಗಿ ಮಾಡಲಾರವು. ಇನ್ನು ಕೆಲವಕ್ಕೆ ‘ಔಟ್‌ಸೈಡ್’ ಎಂಬ ಬರಹವಿದ್ದು, ಆ ಮುಖ ಹೊರಗಿರಬೇಕು. ರಿಮ್‌ನ ತುಕ್ಕು ಉಜ್ಜಿ ತೆಗೆಸಬೇಕು, ಟ್ಯೂಬ್‌ಲೆಸ್ ಟೈರಾದರೆ ವಾಲ್ವನ್ನೂ ಹೊಸದು ಹಾಕಿಸಬೇಕು. ವೀಲ್ ಬ್ಯಾಲೆನ್ಸಿಂಗ್ ಕಡ್ಡಾಯ. ಹಳೆಯ ಟೈರು ಒಂದೇ ಅಂಚಿನಲ್ಲಿ ಸವೆದಿದ್ದರೆ ಅಲೈನ್‌ಮೆಂಟ್ ಕೂಡ ಆಗಬೇಕು, ಇಲ್ಲವಾದರೆ ಹೊಸದಕ್ಕೂ ಅದೇ ಗತಿ.

ಗಾಳಿಯ ಪ್ರಮಾಣ ಚಾಲಕನ ಬಾಗಿಲ ಕಂಬದ ಚೀಟಿಯಲ್ಲಿರುತ್ತದೆ. ಟೈರು ತಣ್ಣಗಿದ್ದಾಗ ಅಷ್ಟೇ ತುಂಬಿಸಬೇಕು. ನೈಟ್ರೋಜನ್ ತುಂಬಿಸಲೇಬೇಕೆಂದೇನಿಲ್ಲ, ಸಾಮಾನ್ಯ ಗಾಳಿಯಲ್ಲೂ ಶೇ 78 ನೈಟ್ರೋಜನ್ನೇ ಇದೆ. ಹೊಸ ಟೈರಿನ ಮೈ ಆರಂಭದಲ್ಲಿ ತುಸು ನುಣುಪಾಗಿರುವುದರಿಂದ ಮೊದಲ ಕೆಲವು ನೂರು ಕಿ.ಮೀ. ನಿಧಾನವಾಗಿ ಓಡಿಸಬೇಕು. ಹಾಕಿಸಿದ ಮರುದಿನವೇ ಚಾರ್ಮಾಡಿ ಇಳಿಯುವುದು ಬೇಡ. 50ರಿಂದ 100 ಕಿ.ಮೀ. ಓಡಿದ ಬಳಿಕ ಚಕ್ರದ ನಟ್ಟುಗಳ ಬಿಗಿಯನ್ನು ಮತ್ತೊಮ್ಮೆ ಪರೀಕ್ಷಿಸಿ, ಡಿಕ್ಕಿಯಲ್ಲಿರುವ ಸ್ಟೆಪ್ನಿಗೂ ಗಾಳಿ ಹಾಕಿಸಿಕೊಳ್ಳಬೇಕು.