ಶಾಲೆಯ ಹೊಸ್ತಿಲಿನ ಪರೀಕ್ಷೆ: ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಕನ್ನಡ ಕುಟುಂಬಗಳು

ಪರೀಕ್ಷೆಯೆಂಬುದು ಕಲಿಕೆಯ ಕೊನೆಯಲ್ಲಿ ಬರುವುದು ವಾಡಿಕೆ. ಕಲಿಸಿದ ಮೇಲೆ ಕೇಳುವುದು ನ್ಯಾಯ. ಕಲಿಸುವುದಕ್ಕೆ ಮೊದಲೇ ಕೇಳುವುದು ಯಾವ ನ್ಯಾಯವೆಂಬ ಪ್ರಶ್ನೆ ಹಳೆಯ ಕಾಲದ ತಂದೆತಾಯಿಗಳಿಗೆ ಎದುರಾಗಿರಲಿಲ್ಲ. ಕನ್ನಡ ನಾಡಿನ ಕೂಲಿಮಠಗಳು ಖಾಸಗಿ ಶಾಲೆಗಳೇ ಆಗಿದ್ದುವು. ಅಯ್ಯನವರಿಗೆ ಕಾಳಿನ ರೂಪದಲ್ಲಿಯೋ ಕಾಸಿನ ರೂಪದಲ್ಲಿಯೋ ಕೂಲಿ ಸಲ್ಲುತ್ತಿದ್ದಿತು. ಆದರೆ ಹುಡುಗನನ್ನು ಬಾಗಿಲಲ್ಲಿ ನಿಲ್ಲಿಸಿ ಪ್ರಶ್ನೆ ಕೇಳುವ ಪದ್ಧತಿ ಅಲ್ಲಿರಲಿಲ್ಲ. ಜಾತಿಯ ಕಾರಣದಿಂದ ಹಲವರಿಗೆ ಆ ಬಾಗಿಲು ಮುಚ್ಚಿಯೇ ಇದ್ದಿತೆಂಬುದನ್ನು ಮರೆಯಲಾಗದು. ಒಳಗೆ ಬರಬಹುದಾಗಿದ್ದವನಿಗೆ ಮಾತ್ರ ಪ್ರವೇಶವೆಂದರೆ ಅಕ್ಕಿಯ ಮೇಲೆಯೋ ಮರಳಿನ ಮೇಲೆಯೋ ಬೆರಳು ಹಿಡಿಸಿ ಅಕ್ಷರ ಬರೆಯಿಸುವ ಒಂದು ಸಂಸ್ಕಾರವಾಗಿದ್ದಿತು. ಮೂರು ವರ್ಷದ ಕೂಸನ್ನು ಪ್ರವೇಶಕ್ಕಾಗಿ ‘ತಯಾರು’ ಮಾಡುವ ಪದ್ಧತಿ ತೀರ ಈಚಿನದು. ಮುಂಬಯಿಯ ಹೊರವಲಯದ ಕನ್ನಡ ಕುಟುಂಬಗಳಲ್ಲಿ ಅದು ಬೆಳೆದ ಬಗೆಯನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಠಾಣೆಯಿಂದ ಆಳಿದ ಶಿಲಾಹಾರರ ಶಾಸನಗಳಲ್ಲಿ ಕನ್ನಡ ಬಿರುದುಗಳು ದೊರೆಯುತ್ತವೆಂಬುದನ್ನು ಸಂಘಗಳ ವಾರ್ಷಿಕೋತ್ಸವಗಳಲ್ಲಿ ಅಭಿಮಾನದಿಂದ ಹೇಳುವುದುಂಟು. ಅದು ನಿಜವಾದರೂ ಈ ವಿಷಯಕ್ಕೆ ಅಷ್ಟು ಹಿಂದಕ್ಕೆ ಹೋಗಬೇಕಾದ ಅಗತ್ಯವಿಲ್ಲ. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ರೈಲು ಬಂದಿತು. ಮರುವರ್ಷ ಕಲ್ಯಾಣವನ್ನು ಮುಟ್ಟಿತು. 1857ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಸ್ಥಾಪಿತವಾಯಿತು. 1859ರಲ್ಲಿ ಅದರ ಮೊದಲ ಮೆಟ್ರಿಕ್ಯುಲೇಶನ್ ಪರೀಕ್ಷೆ ನಡೆಯಿತು. ಅದರಲ್ಲಿ ತೇರ್ಗಡೆಯಾದ ಕೆಲವೇ ಮಂದಿಯಲ್ಲಿ ಮಹಾದೇವ ಗೋವಿಂದ ರಾನಡೆಯವರೊಬ್ಬರು. ವಿಶ್ವವಿದ್ಯಾಲಯವನ್ನು ಪ್ರವೇಶಿಸಲು ಕೊಟ್ಟ ಈ ಪರೀಕ್ಷೆಯೇ ಪಶ್ಚಿಮ ಭಾರತದ ಮೊದಲ ದೊಡ್ಡ ಪ್ರವೇಶ ಪರೀಕ್ಷೆಯೆನ್ನಬಹುದು. ಧಾರವಾಡ, ಬೆಳಗಾವಿ, ವಿಜಾಪುರಗಳೂ, 1862ರ ತರುವಾಯ ಉತ್ತರ ಕನ್ನಡವೂ ಮುಂಬಯಿ ಇಲಾಖೆಗೆ ಸೇರಿದ್ದುದರಿಂದ ಅಲ್ಲಿಯ ಹುಡುಗರಿಗೂ ಇದೇ ಪರೀಕ್ಷೆ. ‘ಮೆಟ್ರಿಕ್ ಆದವನು’ ಎಂಬ ಮಾತಿಗೆ ಕನ್ನಡ ಮನೆಗಳಲ್ಲಿ ಒಂದು ಪದವಿಯ ಗೌರವ ಬಂದುದು ಹೀಗೆ.

ಆದರೆ ಮುಂಬಯಿಯ ಕನ್ನಡಿಗರಲ್ಲಿ ಪರೀಕ್ಷೆಯ ಮೇಲಣ ನಂಬಿಕೆ ಬೇರೂರಿದುದು ರಾತ್ರಿಶಾಲೆಗಳಲ್ಲಿ. ದಕ್ಷಿಣ ಕನ್ನಡದ ಕರಾವಳಿಯಿಂದ ಹನ್ನೆರಡು ಹದಿನಾಲ್ಕರ ವಯಸ್ಸಿನಲ್ಲಿಯೇ ಹಡಗನ್ನೋ ಬಸ್ಸನ್ನೋ ಹತ್ತಿ ಬಂದ ಹುಡುಗರು ಉಡುಪಿ ಹೋಟೆಲುಗಳಲ್ಲಿ ಮಾಣಿಗಳಾಗಿಯೂ ಕ್ಯಾಂಟೀನುಗಳಲ್ಲಿ ಕೆಲಸದಾಳುಗಳಾಗಿಯೂ ಸೇರಿದರು. ಹಗಲು ದುಡಿತ, ಸಂಜೆಯ ಮೇಲೆ ಶಾಲೆ, ಅನಂತರ ಒರೆಸಿದ ಮೇಜುಗಳ ನಡುವೆ ಹಾಸಿಗೆ: ಇದು ಅವರ ದಿನಚರಿ. 1902ರಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿಯ ಉಚಿತ ರಾತ್ರಿಶಾಲೆ, ಬಿಲ್ಲವರ ಅಸೋಸಿಯೇಶನ್ನಿನ ಗುರುನಾರಾಯಣ ರಾತ್ರಿಶಾಲೆ ಮೊದಲಾದುವು ಇಂತಹ ಹುಡುಗರಿಗೆ ಬೆಳಕನ್ನು ನೀಡಿದುವು. ಇವುಗಳ ಬಾಗಿಲಲ್ಲಿ ಯಾವ ಪರೀಕ್ಷೆಯೂ ಇರಲಿಲ್ಲ. ಬಂದವನನ್ನು ಸೇರಿಸಿಕೊಳ್ಳುವುದೇ ಅವುಗಳ ಧರ್ಮ. ವಯಸ್ಸು ಮೀರಿದವನಾದರೂ, ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವನಾದರೂ ಸರಿಯೇ. ಪರೀಕ್ಷೆ ಇದ್ದುದು ಕೊನೆಯಲ್ಲಿ. ಸ್ವಾತಂತ್ರ್ಯಾನಂತರ ಮೆಟ್ರಿಕ್ಯುಲೇಶನ್ನಿನ ಸ್ಥಾನಕ್ಕೆ ಬಂದ ಎಸ್.ಎಸ್.ಸಿ. ಪರೀಕ್ಷೆಯನ್ನು ಕನ್ನಡ ಮಾಧ್ಯಮದಲ್ಲಿಯೂ ಬರೆಯಬಹುದಾಗಿದ್ದಿತು. ಒಂದೆರಡು ಸಲ ನಪಾಸಾಗಿ, ಮತ್ತೆ ಕುಳಿತು, ಅದನ್ನು ದಾಟಿದವನಿಗೆ ಹೋಟೆಲಿನ ಹಿಂಬಾಗಿಲಿನಿಂದ ಹೊರಬರುವ ದಾರಿ ಕಾಣಿಸಿತು. ಅಂಥವರಲ್ಲಿ ಕೆಲವರು ಬ್ಯಾಂಕಿನ ಗುಮಾಸ್ತರಾದರು, ಕೆಲವರು ವಕೀಲರಾದರು, ಕೆಲವರು ತಾವೇ ಹೋಟೆಲಿನ ಮಾಲಿಕರಾದರು. ಪರೀಕ್ಷೆಯೆಂದರೆ ಬಿಡುಗಡೆಯೆಂಬ ಭಾವನೆ ಆ ತಲೆಮಾರಿನ ಅನುಭವದಿಂದಲೇ ಹುಟ್ಟಿದುದು, ಪುಸ್ತಕದಿಂದ ಬಂದುದಲ್ಲ. ಅವರ ಮಕ್ಕಳು ಮೊಮ್ಮಕ್ಕಳ ಕಾಲದ ಸಂಗತಿಗಳನ್ನು ಅರ್ಥಮಾಡಿಕೊಳ್ಳಬೇಕಾದರೆ ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಅವಶ್ಯಕ.

ಕೋಟೆ, ಗಿರಗಾಂವ, ದಾದರ, ಮಾಟುಂಗಗಳಲ್ಲಿದ್ದ ಈ ಕುಟುಂಬಗಳು ರೈಲಿನ ಹಾದಿಯನ್ನು ಹಿಡಿದು ಹೊರಕ್ಕೆ ಹೊರಟುದು ಹೆಚ್ಚಾಗಿ 1960ರ ತರುವಾಯ. ನಗರದಲ್ಲಿ ಪಗಡಿ ಕೊಡದೆ ಕೋಣೆ ಸಿಕ್ಕುವಂತಿರಲಿಲ್ಲ. 1962ರಲ್ಲಿ ಮಹಾರಾಷ್ಟ್ರ ಔದ್ಯೋಗಿಕ ವಿಕಾಸ ಮಹಾಮಂಡಳ ಸ್ಥಾಪನೆಯಾಗಿ ಠಾಣೆಯ ವಾಗಳೆ ಎಸ್ಟೇಟಿನಲ್ಲಿಯೂ ಡೊಂಬಿವಲಿಯಲ್ಲಿಯೂ ಠಾಣೆ-ಬೇಲಾಪುರ ರಸ್ತೆಯ ಬದಿಯಲ್ಲಿಯೂ ಕಾರ್ಖಾನೆಗಳು ಎದ್ದುವು. 1969ರಲ್ಲಿ ಕೆನರಾ, ಸಿಂಡಿಕೇಟ್ ಬ್ಯಾಂಕುಗಳ ರಾಷ್ಟ್ರೀಕರಣವಾದ ಮೇಲೆ ಶಾಖೆಗಳು ಹೆಚ್ಚಿ, ವರ್ಗವಾಗಿ ಬಂದ ನೌಕರರ ಸಂಖ್ಯೆಯೂ ಬೆಳೆಯಿತು. 1970ರಲ್ಲಿ ಸಿಡ್ಕೊ ಸಂಸ್ಥೆ ಹುಟ್ಟಿ ಖಾಡಿಯ ಆಚೆ ಹೊಸ ನಗರಕ್ಕೆ ನೆಲ ಸಿದ್ಧಪಡಿಸಿತು. 1992ರಲ್ಲಿ ಮಾನಖುರ್ದದಿಂದ ವಾಶಿಗೆ ರೈಲು ಓಡಿತು. ಹೀಗೆ ಕನ್ನಡಿಗನ ಮನೆ ಹೊರಕ್ಕೆ ಹೋಯಿತು, ಆದರೆ ಅವನ ಕನ್ನಡ ಶಾಲೆ ಹಿಂದೆಯೇ ಉಳಿಯಿತು. ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಗಳಾಗಲಿ ವಡಾಲೆಯ ನ್ಯಾಷನಲ್ ಕನ್ನಡ ಎಜ್ಯುಕೇಶನ್ ಸೊಸೈಟಿಯ ಶಾಲೆಯಾಗಲಿ ಡೊಂಬಿವಲಿಯ ಎಳೆಯ ಮಗುವಿಗೆ ಎಟಕುವ ದೂರದಲ್ಲಿರಲಿಲ್ಲ.

ಸರಕಾರ ಕನ್ನಡಕ್ಕೆ ಬಾಗಿಲು ಮುಚ್ಚಿದ್ದಿತೆಂದು ಹೇಳಿದರೆ ಅದು ಚರಿತ್ರೆಗೆ ಮಾಡುವ ಅಪಚಾರವಾದೀತು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಅನುಕೂಲವನ್ನು ಕಲ್ಪಿಸಬೇಕೆನ್ನುತ್ತದೆ. 1967ರಲ್ಲಿ ಸ್ಥಾಪಿತವಾದ ಪುಣೆಯ ಬಾಲಭಾರತಿ ಸಂಸ್ಥೆ ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಅಚ್ಚುಹಾಕಿಸುತ್ತ ಬಂದಿದೆ. ಮಹಾರಾಷ್ಟ್ರದ ಮಕ್ಕಳು ಚಿಕ್ಕಂದಿನಲ್ಲಿ ಎದುರಿಸುವ ಹೆಸರಾಂತ ಸ್ಪರ್ಧೆಯಾದ ಶಿಷ್ಯವೃತ್ತಿ ಪರೀಕ್ಷೆ, ಅಂದರೆ ‘ಸ್ಕಾಲರ್‌ಶಿಪ್’, ಬಹುಕಾಲ 4 ಮತ್ತು 7ನೆಯ ಇಯತ್ತೆಗಳಿಗೆ ನಡೆದು, 2017ರಲ್ಲಿ 5 ಮತ್ತು 8ಕ್ಕೆ ವರ್ಗವಾಯಿತು. ಈ ಪರೀಕ್ಷೆಯನ್ನು ಮರಾಠಿ, ಉರ್ದು, ಹಿಂದಿ, ಗುಜರಾತಿ, ಇಂಗ್ಲಿಷ್, ತೆಲುಗುಗಳ ಜೊತೆಗೆ ಕನ್ನಡದಲ್ಲಿಯೂ ಬರೆಯಲು ಅವಕಾಶವಿದೆ. ಸರಕಾರದ ಸ್ಪರ್ಧಾ ಪರೀಕ್ಷೆಗೆ ಕನ್ನಡ ಅಡ್ಡಿಯಾಗಿರಲಿಲ್ಲ. ಅಡ್ಡಿಯಾದುದು ಇನ್ನೊಂದು ಪರೀಕ್ಷೆಗೆ.

ಆ ಇನ್ನೊಂದರ ಹಿನ್ನೆಲೆಯಲ್ಲಿ ಒಂದು ಮೊಕದ್ದಮೆಯಿದೆ. 1954ರ ಜನವರಿಯಲ್ಲಿ ಮುಂಬಯಿ ಸರಕಾರ ಒಂದು ಸುತ್ತೋಲೆಯನ್ನು ಹೊರಡಿಸಿ, ಇಂಗ್ಲಿಷ್ ಮಾಧ್ಯಮದ ಶಾಲೆಗಳು ಆಂಗ್ಲೋ-ಇಂಡಿಯನ್ನರನ್ನೂ ಏಷ್ಯೇತರ ಮೂಲದವರನ್ನೂ ಬಿಟ್ಟು ಇತರ ಮಕ್ಕಳನ್ನು ಹೊಸದಾಗಿ ಸೇರಿಸಿಕೊಳ್ಳಕೂಡದೆಂದು ವಿಧಿಸಿತು. ದೇವಳಾಲಿಯ ಬಾರ್ನ್ಸ್ ಶಾಲೆಯ ವ್ಯವಸ್ಥಾಪಕರು ನ್ಯಾಯಾಲಯಕ್ಕೆ ಹೋದರು. ಅದೇ ವರ್ಷ ಉಚ್ಚ ನ್ಯಾಯಾಲಯವೂ ಸರ್ವೋಚ್ಚ ನ್ಯಾಯಾಲಯವೂ ಆ ಸುತ್ತೋಲೆಯನ್ನು ಅಸಿಂಧುವೆಂದು ತೀರ್ಪಿತ್ತುವು. ಇಂಗ್ಲಿಷ್ ಶಾಲೆಯ ಬಾಗಿಲು ಕಾನೂನಿನಂತೆ ಎಲ್ಲರಿಗೂ ತೆರೆಯಿತು. ಬೆಂಚುಗಳು ಮಾತ್ರ ಅಷ್ಟೇ ಇದ್ದುವು. ಬೇಡಿಕೆ ಬೆಳೆದಂತೆ ಆರಿಸಿಕೊಳ್ಳುವ ಅಧಿಕಾರ ಶಾಲೆಯ ಕೈಸೇರಿತು. 1964-66ರ ಕೊಠಾರಿ ಆಯೋಗ ಹಣವುಳ್ಳವರ ಶಾಲೆ ಬೇರೆ, ಬಡವರ ಶಾಲೆ ಬೇರೆಯಾಗುವ ಅಪಾಯವನ್ನು ಕಂಡು ಸಾಮಾನ್ಯ ಶಾಲಾ ಪದ್ಧತಿಯನ್ನು ಸೂಚಿಸಿತು. ಆ ಆಯೋಗದ ಸದಸ್ಯ-ಕಾರ್ಯದರ್ಶಿಯಾಗಿದ್ದ ಜೆ. ಪಿ. ನಾಯಕರು ಧಾರವಾಡ ಜಿಲ್ಲೆಯ ಉಪ್ಪಿನ ಬೆಟಗೇರಿಯಲ್ಲಿ ಗ್ರಾಮಸೇವೆ ಮಾಡಿದವರೆಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ. ಅವರ ಸೂಚನೆ ಕಡತದಲ್ಲಿಯೇ ಉಳಿಯಿತು.

1970ರಿಂದ 1990ರ ದಶಕದವರೆಗೆ ಠಾಣೆಯಲ್ಲಿ ಹೆಸರು ಪಡೆದ ಆಂಗ್ಲ ಶಾಲೆಗಳಿಗೂ, ಸಿಡ್ಕೊ ರಿಯಾಯಿತಿ ದರದಲ್ಲಿ ಕೊಟ್ಟ ನಿವೇಶನಗಳ ಮೇಲೆ ನವಿ ಮುಂಬಯಿಯಲ್ಲಿ ಎದ್ದ ಶಾಲೆಗಳಿಗೂ, ಕಲ್ಯಾಣ-ಡೊಂಬಿವಲಿಗಳ ಕಾನ್ವೆಂಟುಗಳಿಗೂ ಮಕ್ಕಳನ್ನು ಸೇರಿಸುವುದೆಂದರೆ ಒಂದು ವರ್ಷದ ಯೋಜನೆಯಾಯಿತು. ಫಾರಂ ಪಡೆಯಲು ನಸುಕಿನಲ್ಲಿಯೇ ಸಾಲು. ಅನಂತರ ‘ಇಂಟರ್‌ವ್ಯೂ’. ಮುದ್ರಿತ ಪಠ್ಯಕ್ರಮವಿಲ್ಲದ ಈ ಪರೀಕ್ಷೆಯ ಪ್ರಶ್ನೆಗಳು ಮನೆಯಿಂದ ಮನೆಗೆ, ಲೋಕಲ್ ಗಾಡಿಯ ಡಬ್ಬಿಯಿಂದ ಡಬ್ಬಿಗೆ ಬಾಯಿಮಾತಿನಲ್ಲಿ ಹರಡಿದುವು: ಬಣ್ಣಗಳ ಹೆಸರು, ಹಣ್ಣುಗಳ ಹೆಸರು, ಮೈಯ ಅವಯವಗಳು, ಇಪ್ಪತ್ತರವರೆಗಿನ ಎಣಿಕೆ, ಒಂದೆರಡು ಆಂಗ್ಲ ಶಿಶುಗೀತೆ, ತಂದೆಯ ಕೆಲಸ, ಮನೆಯ ವಿಳಾಸ. ಇವೆಲ್ಲವೂ ಇಂಗ್ಲಿಷಿನಲ್ಲಿ. ಮಗುವಿನೊಡನೆ ತಂದೆತಾಯಿಗಳನ್ನೂ ಕೂರಿಸಿ, ಅವರ ವಿದ್ಯಾರ್ಹತೆಯೇನು, ಮನೆಯಲ್ಲಿ ಯಾವ ಭಾಷೆ, ಓದಿಸಲು ತಾಯಿಗೆ ಬಿಡುವಿದೆಯೇ ಎಂದು ಕೇಳುವುದೂ ಸಾಮಾನ್ಯವಾಗಿದ್ದಿತು. ರಾತ್ರಿಶಾಲೆಯ ಎಸ್.ಎಸ್.ಸಿ. ದಾಟಿ ಬಂದ ತಂದೆ, ಅದರ ಅಭಿಮಾನವಿದ್ದರೂ, ಈ ಕೊಠಡಿಯಲ್ಲಿ ಅದನ್ನು ಹೇಳಲು ಸಂಕೋಚಪಡುವ ಸ್ಥಿತಿ ಒದಗಿತು.

ಮನೆಯೊಳಗೆ ಇದರ ಪರಿಣಾಮ ನಿಧಾನವಾಗಿ ಕಾಣಿಸಿಕೊಂಡಿತು. ಗಂಡ 7ರ ಗಾಡಿಗೆ ಹೋಗಿ ರಾತ್ರಿ ಹಿಂದಿರುಗುವವನಾದುದರಿಂದ ತಯಾರಿಯ ಭಾರ ತಾಯಿಯ ಮೇಲೆ ಬಿದ್ದಿತು. ಅವಳು ಬೇಳೆ ಕುಚ್ಚುತ್ತಲೇ ‘ಬಾಳೆಹಣ್ಣ’ನ್ನು ಬನಾನಾ ಮಾಡಿದಳು, ‘ಮೂಗ’ನ್ನು ನೋಸ್ ಮಾಡಿದಳು. ಊರಿನಿಂದ ಬಂದ ಅಜ್ಜಿಗೆ, ಇಂಟರ್‌ವ್ಯೂ ಮುಗಿಯುವ ತನಕ ಮಗುವಿನೊಡನೆ ಹೆಚ್ಚು ಮಾತನಾಡಬೇಡಿರೆಂಬ ಸೂಚನೆ ದೊರೆಯಿತು. ಇಂಟರ್‌ವ್ಯೂ ಮುಗಿದ ಮೇಲೂ ಆ ಸೂಚನೆಯನ್ನು ಹಿಂದಕ್ಕೆ ಪಡೆಯುವುದು ಬಹಳ ಮನೆಗಳಲ್ಲಿ ನೆನಪಾಗಲಿಲ್ಲ.

ಇಲ್ಲಿ ಒಂದು ಭೇದವನ್ನು ಗುರುತಿಸಬೇಕು. ಮುಂಬಯಿಯ ಕನ್ನಡಿಗರೆನ್ನಿಸಿಕೊಂಡವರಲ್ಲಿ ದೊಡ್ಡದೊಂದು ಭಾಗದ ಮನೆಮಾತು ತುಳು ಅಥವಾ ಕೊಂಕಣಿ. ಅವರಿಗೆ ಕನ್ನಡವೆಂಬುದು ಶಾಲೆಯ, ಪತ್ರಿಕೆಯ, ಯಕ್ಷಗಾನದ, ಸಂಘದ ಭಾಷೆ. ಬಿಜಾಪುರ, ಧಾರವಾಡ ಅಥವಾ ಮೈಸೂರಿನ ಕಡೆಯ ಮನೆಯಲ್ಲಿ ಶಾಲೆ ಬದಲಾದರೂ ಅಡುಗೆಮನೆಯ ಕನ್ನಡ ಕುಂಟುತ್ತಲಾದರೂ ಉಳಿದೀತು. ತುಳು ಮನೆಯಲ್ಲಿ ತುಳು ಉಳಿಯಿತು. ಕನ್ನಡಕ್ಕೆ ಆಸರೆಯಾಗಿದ್ದ ಶಾಲೆ ತಪ್ಪಿದೊಡನೆ ಲಿಪಿಯೇ ತಪ್ಪಿಹೋಯಿತು. ರಾತ್ರಿಶಾಲೆಯಲ್ಲಿ ಕಷ್ಟಪಟ್ಟು ಗಳಿಸಿದ ಅಕ್ಷರ ಎರಡನೆಯ ತಲೆಮಾರಿಗೆ ದಾಟದೆ ನಿಂತುದು ಹೆಚ್ಚಾಗಿ ಇಲ್ಲಿಯೇ. ಭಾಷೆಯ ಹ್ರಾಸವನ್ನು ಕುರಿತು ಬರೆಯುವವರು ತಂದೆತಾಯಿಗಳ ನಿರಭಿಮಾನವನ್ನು ದೂಷಿಸುವುದು ರೂಢಿಯಾಗಿದೆ. ಆ ದೂಷಣೆ ಅರ್ಧ ಮಾತ್ರ ಸರಿ. ಪರೀಕ್ಷೆಯೊಂದರಿಂದಲೇ ಮೇಲಕ್ಕೆ ಬಂದವರು ಪರೀಕ್ಷೆ ಕೇಳಿದ ಬೆಲೆಯನ್ನು ಚೌಕಾಸಿಯಿಲ್ಲದೆ ಕೊಟ್ಟರು. ಈ ಸಲದ ಪರೀಕ್ಷೆ ಬೇರೆ ಜಾತಿಯದೆಂದು ಅವರಿಗೆ ತಿಳಿಸಿ ಹೇಳಬೇಕಾಗಿದ್ದ ಸಂಘಗಳೂ ಆಗ ಸುಮ್ಮನಿದ್ದುವು.

ಸುಮ್ಮನಿದ್ದುವೆನ್ನುವುದಕ್ಕಿಂತ, ಕಾಲಕ್ಕೆ ಹೊಂದಿಕೊಂಡುವೆನ್ನುವುದು ಹೆಚ್ಚು ಯಥಾರ್ಥ. ಠಾಣೆಯ ನವೋದಯ ಕನ್ನಡ ಸೇವಾ ಸಂಘ ನಡೆಸುವುದು ಇಂಗ್ಲಿಷ್ ಹೈಸ್ಕೂಲನ್ನು. ಡೊಂಬಿವಲಿಯ ಕರ್ನಾಟಕ ಸಂಘ ಮಂಜುನಾಥನ ಹೆಸರಿನಲ್ಲಿ ವಿದ್ಯಾಲಯವನ್ನೂ ವಾಣಿಜ್ಯ ಕಾಲೇಜನ್ನೂ ಕಟ್ಟಿತು. ಇವು ಸಣ್ಣ ಸಾಧನೆಗಳಲ್ಲ. ಬೇರೆಡೆ ಬಾಗಿಲಲ್ಲಿ ನಿಂತವರು ತಮ್ಮದೇ ಒಂದು ಬಾಗಿಲನ್ನು ಮಾಡಿಕೊಂಡರೆಂದು ಇದನ್ನು ಓದಬಹುದು.

ಕಾನೂನು ತಡವಾಗಿ ಬಂದಿತು. 1987ರಲ್ಲಿ ಮಹಾರಾಷ್ಟ್ರ ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸಿತು. ‘ಡೊನೇಶನ್’ ಎಂಬ ಹೆಸರಿನಲ್ಲಿ ಅದು ಬದುಕಿಕೊಂಡಿತು. 1993ರಲ್ಲಿ ಪ್ರೊಫೆಸರ್ ಯಶ್‌ಪಾಲರ ಸಮಿತಿ ಶಿಶುವರ್ಗಗಳ ಪ್ರವೇಶಕ್ಕಾಗಿ ನಡೆಯುವ ಪರೀಕ್ಷೆ, ಸಂದರ್ಶನಗಳನ್ನು ನಿಲ್ಲಿಸಬೇಕೆಂದಿತು. ಮಹಾರಾಷ್ಟ್ರ 1996ರಲ್ಲಿ ಬಾಲವಾಡಿಗಳ ಪ್ರವೇಶವನ್ನು ನಿಯಂತ್ರಿಸುವ ಅಧಿನಿಯಮವನ್ನೇ ಮಾಡಿತು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆಯ 13ನೆಯ ಕಲಮು ಮಗುವನ್ನಾಗಲಿ ತಂದೆತಾಯಿಗಳನ್ನಾಗಲಿ ಪರೀಕ್ಷಿಸಿ ಆರಿಸುವುದನ್ನು ನಿಷೇಧಿಸಿ, ಮೊದಲ ಸಲಕ್ಕೆ 25,000 ರೂಪಾಯಿ, ಮರಳಿ ಮಾಡಿದ ಪ್ರತಿ ಸಲಕ್ಕೆ 50,000 ರೂಪಾಯಿವರೆಗೆ ದಂಡವನ್ನು ಗೊತ್ತುಪಡಿಸಿತು. ಅದೇ ಕಾಯಿದೆಯ ಪ್ರಕಾರ ದುರ್ಬಲ ವರ್ಗದ ಮಕ್ಕಳಿಗೆ ಶೇಕಡ 25 ಸ್ಥಾನಗಳು ಚೀಟಿ ಎತ್ತುವುದರಿಂದ ಹಂಚಿಕೆಯಾಗುತ್ತವೆ. 2024ರಲ್ಲಿ ರಾಜ್ಯ ಸರಕಾರ ಈ ಹೊಣೆಯಿಂದ ಅನೇಕ ಖಾಸಗಿ ಶಾಲೆಗಳನ್ನು ಬಿಡಿಸಲು ನಿಯಮ ತಿದ್ದಿದಾಗ ಮುಂಬಯಿ ಉಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿತು.

ಪರೀಕ್ಷೆಯನ್ನು ಕಾನೂನು ನಿಷೇಧಿಸಿತು, ತಯಾರಿಯನ್ನು ನಿಷೇಧಿಸಲಾರದೆ ಹೋಯಿತು. ‘ಪ್ಲೇಗ್ರೂಪ್’ ಎಂಬ ಹೆಸರಿನಲ್ಲಿ ಅದು ಎರಡು ವರ್ಷದ ಮಗುವಿನ ಕಡೆಗೆ ಸರಿಯಿತು. ಇನ್ನೊಂದು ದಿಕ್ಕಿನಲ್ಲಿ ಐದನೆಯ ಇಯತ್ತೆಯ ಮೇಲಕ್ಕೆ ಏರಿತು. ಸ್ಕಾಲರ್‌ಶಿಪ್ಪಿಗೊಂದು ಕ್ಲಾಸು, 6 ಮತ್ತು 9ನೆಯ ಇಯತ್ತೆಗಳ ಹೋಮಿ ಭಾಭಾ ಬಾಲವೈಜ್ಞಾನಿಕ ಸ್ಪರ್ಧೆಗೊಂದು ಕ್ಲಾಸು, ಐ.ಐ.ಟಿ. ಪ್ರವೇಶಕ್ಕೆ ‘ಫೌಂಡೇಶನ್’ ಎಂಬ ಇನ್ನೊಂದು: ಠಾಣೆಯ ನೌಪಾಡೆಯಿಂದ ಕಲ್ಯಾಣದ ಸ್ಟೇಶನ್ನಿನವರೆಗೆ ಇವುಗಳ ಫಲಕಗಳನ್ನು ಓದುತ್ತ ಹೋಗಬಹುದು. ಕನ್ನಡದಲ್ಲಿ ಬರೆಯಬಹುದಾದ ಆ ಸ್ಕಾಲರ್‌ಶಿಪ್ಪನ್ನು ಕನ್ನಡ ಮನೆಗಳ ಮಕ್ಕಳು ಇಂಗ್ಲಿಷಿನಲ್ಲಿಯೇ ಬರೆಯುತ್ತಾರೆ.

2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ ಎರಡು ತೀರ್ಪುಗಳನ್ನು ಕೊಟ್ಟಿತು. ಪ್ರಾಥಮಿಕ ಶಾಲೆಯ ಮಾಧ್ಯಮವನ್ನು ಆರಿಸುವ ಹಕ್ಕು ತಂದೆತಾಯಿಗಳದು, ಕರ್ನಾಟಕ ಸರಕಾರ ಕನ್ನಡವನ್ನು ಬಲವಂತಪಡಿಸಲಾಗದು ಎಂಬುದು ಒಂದು. ಅಲ್ಪಸಂಖ್ಯಾತರ ಶಾಲೆಗಳಿಗೆ ಶಿಕ್ಷಣದ ಹಕ್ಕಿನ ಕಾಯಿದೆ ಅನ್ವಯಿಸದು ಎಂಬುದು ಇನ್ನೊಂದು. ಮಹಾರಾಷ್ಟ್ರದಲ್ಲಿ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರಾದುದರಿಂದ ಎರಡನೆಯ ತೀರ್ಪು ಅವರ ಸಂಸ್ಥೆಗಳಿಗೂ ಸಂಬಂಧಿಸಿದುದು. ಅಲ್ಪಸಂಖ್ಯಾತರ ಕಿರಿಯ ಕಾಲೇಜುಗಳ 11ನೆಯ ಇಯತ್ತೆಯಲ್ಲಿ ಅರ್ಧದಷ್ಟು ಸ್ಥಾನಗಳು ಆಯಾ ಸಮುದಾಯದವರಿಗೆ ಮೀಸಲು. ಹತ್ತನೆಯ ಇಯತ್ತೆಯ ಫಲಿತಾಂಶ ಬಂದ ಜೂನ್ ತಿಂಗಳಿನಲ್ಲಿ ಕನ್ನಡ ಸಂಸ್ಥೆಗಳ ಕಚೇರಿಗೆ ಬರುವ ತಂದೆತಾಯಿಗಳ ಕೈಯಲ್ಲಿ ಮಗುವಿನ ಲೀವಿಂಗ್ ಸರ್ಟಿಫಿಕೇಟು ಇರುತ್ತದೆ. ಅದರಲ್ಲಿ ‘ಮಾತೃಭಾಷೆ’ ಎಂಬ ಒಂದು ಕಲಮು ಉಂಟು. ಹನ್ನೆರಡು ವರ್ಷಗಳ ಹಿಂದೆ ಶಿಶುವರ್ಗದ ಫಾರಂ ತುಂಬುವಾಗ ಅಲ್ಲಿ ಏನು ಬರೆದಿದ್ದರೋ ಅದನ್ನೇ ಗುಮಾಸ್ತ ನೋಡುತ್ತಾನೆ.