ಆನೆಂಟೋಮಿ ಹೆಲೆನಾ

ಆನೆಂಟೋಮಿ ಹೆಲೆನಾ ಆಗ್ನೇಯ ಏಷ್ಯಾದ ಸಿಹಿನೀರಿನಲ್ಲಿ ವಾಸಿಸುವ ಮಾಂಸಾಹಾರಿ ಬಸವನಹುಳುವಿನ ಒಂದು ಪ್ರಭೇದ. ಇತರ ಬಸವನಹುಳುಗಳನ್ನು ಬೇಟೆಯಾಡಿ ತಿನ್ನುವ ಕಾರಣ ಅಕ್ವೇರಿಯಂ ಹವ್ಯಾಸಿಗಳಲ್ಲಿ ಇದು 'ಅಸಾಸಿನ್ ಸ್ನೇಲ್' ಅಂದರೆ 'ಹಂತಕ ಬಸವನಹುಳು' ಎಂದು ಪ್ರಸಿದ್ಧವಾಗಿದೆ.

ವರ್ಗೀಕರಣ

ಈ ಪ್ರಭೇದವನ್ನು 1847ರಲ್ಲಿ ಫಾನ್ ಡೆಮ್ ಬುಷ್ ಅವರು ಮೆಲಾನಿಯಾ ಹೆಲೆನಾ ಎಂಬ ಹೆಸರಿನಿಂದ ವರ್ಣಿಸಿದರು. ಅನಂತರ ಇದನ್ನು ಕ್ಲಿಯಾ ಜಾತಿಗೆ ಸೇರಿಸಲಾಗಿತ್ತು. ವ್ಯಾಪಾರದಲ್ಲಿ ಇಂದಿಗೂ ಆ ಹೆಸರು ಬಳಕೆಯಲ್ಲಿದೆ. ಈಗ ಇದನ್ನು ನಸ್ಸಾರಿಡೀ ಕುಟುಂಬದಲ್ಲಿ ಇರಿಸಲಾಗಿದೆ. ಈ ಕುಟುಂಬದ ಬಹುತೇಕ ಸದಸ್ಯರು ಸಮುದ್ರವಾಸಿಗಳಾಗಿರುವುದರಿಂದ ಸಿಹಿನೀರಿಗೆ ಹೊಂದಿಕೊಂಡ ಈ ಗುಂಪು ಗಮನಾರ್ಹವಾಗಿದೆ.

ಲಕ್ಷಣಗಳು

ಶಂಕುವಿನಾಕಾರದ ಚಿಪ್ಪು ಸಾಮಾನ್ಯವಾಗಿ 2ರಿಂದ 3 ಸೆಂ.ಮೀ. ಉದ್ದವಿರುತ್ತದೆ. ಹಳದಿ ಹಿನ್ನೆಲೆಯ ಮೇಲೆ ಕಡು ಕಂದು ಬಣ್ಣದ ಸುರುಳಿ ಪಟ್ಟೆಗಳಿರುತ್ತವೆ. ಚಿಪ್ಪಿನ ಬಾಯಿಯನ್ನು ಮುಚ್ಚಲು ಮುಚ್ಚಳವಿದೆ. ತಲೆಯ ಮುಂಭಾಗದಲ್ಲಿ ನಳಿಕೆಯಂತಹ ಸೈಫನ್ ಚಾಚಿಕೊಂಡಿರುತ್ತದೆ.

ಆವಾಸ

ಥೈಲ್ಯಾಂಡ್, ಲಾವೋಸ್, ಕಾಂಬೋಡಿಯಾ, ಮಲೇಷ್ಯಾ ಹಾಗೂ ಇಂಡೋನೇಷ್ಯಾಗಳ ನದಿ, ಕೆರೆ ಮತ್ತು ಕಾಲುವೆಗಳಲ್ಲಿ ಇದು ಕಂಡುಬರುತ್ತದೆ. ಮರಳು ಅಥವಾ ಕೆಸರಿನ ತಳದಲ್ಲಿ ಹೂತುಕೊಂಡು, ಸೈಫನ್ನನ್ನು ಮಾತ್ರ ಹೊರಚಾಚಿ ಕಾಲ ಕಳೆಯುವುದು ಇದರ ಸ್ವಭಾವ.

ಆಹಾರ

ಸೈಫನ್ ಮೂಲಕ ಒಳಸೇರುವ ನೀರಿನಲ್ಲಿರುವ ರಾಸಾಯನಿಕಗಳನ್ನು ಗ್ರಹಿಸಿ ಇದು ಬೇಟೆಯ ಜಾಡು ಹಿಡಿಯುತ್ತದೆ. ಬಳಿಕ ಉದ್ದನೆಯ ಸೊಂಡಿಲನ್ನು ಬಲಿಯ ಚಿಪ್ಪಿನೊಳಗೆ ತೂರಿಸಿ ಮೃದು ಅಂಗಾಂಶವನ್ನು ತಿನ್ನುತ್ತದೆ. ಹುಳುಗಳು, ಇತರ ಜೀವಿಗಳ ಮೊಟ್ಟೆಗಳು ಮತ್ತು ಸತ್ತ ಪ್ರಾಣಿಗಳ ಮಾಂಸವೂ ಇದರ ಆಹಾರ. ಪಾಚಿಯನ್ನು ಮೇಯುವ ಬಸವನಹುಳುಗಳಂತೆ ಇದು ತೊಟ್ಟಿಯನ್ನು ಶುಚಿಗೊಳಿಸುವುದಿಲ್ಲ.

ಸಂತಾನೋತ್ಪತ್ತಿ

ಇದು ದ್ವಿಲಿಂಗಿಯಲ್ಲ, ಗಂಡು ಹೆಣ್ಣುಗಳು ಪ್ರತ್ಯೇಕವಾಗಿದ್ದರೂ ಹೊರನೋಟಕ್ಕೆ ಗುರುತಿಸುವುದು ಕಷ್ಟ. ಹೆಣ್ಣು ಗಟ್ಟಿ ಮೇಲ್ಮೈಗಳ ಮೇಲೆ ಚಿಕ್ಕ ಪಾರದರ್ಶಕ ಕೋಶಗಳನ್ನು ಅಂಟಿಸುತ್ತದೆ. ಸಾಮಾನ್ಯವಾಗಿ ಪ್ರತಿ ಕೋಶದಲ್ಲಿ ಒಂದೇ ಮೊಟ್ಟೆಯಿರುತ್ತದೆ. ಮರಿಗಳು ತಳದಲ್ಲಿ ಹೂತುಕೊಂಡು ನಿಧಾನವಾಗಿ ಬೆಳೆಯುತ್ತವೆ.

ಮಾನವ ಸಂಬಂಧ ಮತ್ತು ಅಪಾಯ

ಅಕ್ವೇರಿಯಂಗಳಲ್ಲಿ ಮಿತಿಮೀರಿ ಹೆಚ್ಚುವ ಚಿಕ್ಕ ಬಸವನಹುಳುಗಳ ನಿಯಂತ್ರಣಕ್ಕಾಗಿ ಇದನ್ನು ಅನೇಕ ದೇಶಗಳಲ್ಲಿ ಮಾರಲಾಗುತ್ತದೆ. ಆದರೆ ತೊಟ್ಟಿಯಲ್ಲಿ ಉಪಯುಕ್ತವೆನಿಸುವ ಇದೇ ಗುಣ ನೈಸರ್ಗಿಕ ಜಲಮೂಲಗಳಲ್ಲಿ ಸ್ಥಳೀಯ ಬಸವನಹುಳುಗಳಿಗೆ ಮಾರಕವಾಗಬಲ್ಲದು. ಸಿಂಗಾಪುರದಲ್ಲಿ ಇದು ಪರಕೀಯ ಪ್ರಭೇದವಾಗಿ ನೆಲೆಯೂರಿದೆ. ಈ ಹೆಸರಿನಲ್ಲಿ ಮಾರಾಟವಾಗುವ ಹುಳುಗಳಲ್ಲಿ ಒಂದಕ್ಕಿಂತ ಹೆಚ್ಚು ಪ್ರಭೇದಗಳು ಬೆರೆತಿವೆ ಎಂದು 2017ರ ಆನುವಂಶಿಕ ಅಧ್ಯಯನವೊಂದು ತೋರಿಸಿತು. ಇದರಿಂದ ಅಪಾಯದ ಅಂದಾಜು ಇನ್ನಷ್ಟು ಜಟಿಲವಾಗಿದೆ. ಆದುದರಿಂದ ಸಾಕಿದ ಹುಳುಗಳನ್ನಾಗಲಿ, ಮೊಟ್ಟೆಗಳು ಅಂಟಿರಬಹುದಾದ ಜಲಸಸ್ಯಗಳನ್ನಾಗಲಿ ಕೆರೆ, ಹೊಳೆ, ಚರಂಡಿಗಳಿಗೆ ಬಿಡಬಾರದು.