ದೊಡ್ಡ ಟರ್ಬೊ ಹಾಕಿದರೆ ಪಿಕಪ್ ಡಬಲ್ ಆಗುತ್ತಾ? ಕಂಪನಿಯ ಮ್ಯಾನಿಫೋಲ್ಡ್ ಸಾಕಾ?

ಸಂಡೂರಿನ ಏರುದಾರಿಯಲ್ಲಿ ಅದಿರು ಹೊತ್ತ ಲಾರಿಯ ಹಿಂದೆ ಸಿಕ್ಕಿಕೊಂಡವರಿಗೆಲ್ಲ ಒಮ್ಮೆಯಾದರೂ ಅನಿಸಿರುತ್ತದೆ: ನಮ್ಮ ಗಾಡಿಗೆ ಇನ್ನೊಂದಿಷ್ಟು ಪಿಕಪ್ ಇದ್ದಿದ್ದರೆ! ಹೊಸಪೇಟೆಯಿಂದ ಹಂಪಿ ಬಜಾರಿಗೆ ಪ್ರವಾಸಿಗರನ್ನು ಕರೆತರುವ ಡೀಸೆಲ್ ಗಾಡಿಯವರಿಗೂ ಇದೇ ಆಸೆ. ಇದಕ್ಕೆ ವಾಟ್ಸಾಪಿನಲ್ಲಿ ಸುಲಭದ ಉತ್ತರ ಓಡಾಡುತ್ತದೆ. ಹಳೆಯ ಟರ್ಬೊ ಬಿಚ್ಚಿ, ದೊಡ್ಡದನ್ನು ಅದೇ ಮ್ಯಾನಿಫೋಲ್ಡಿಗೆ ಬೋಲ್ಟ್ ಮಾಡಿದರೆ ಶಕ್ತಿ ಡಬಲ್ ಎಂಬುದು ಒಂದು. ಮ್ಯಾನಿಫೋಲ್ಡ್ ಬದಲಿಸದೆ ಟರ್ಬೊ ಮುಟ್ಟಲೇಬಾರದು ಎಂಬುದು ಇನ್ನೊಂದು. ಎರಡರಲ್ಲೂ ಅರ್ಧ ಸತ್ಯವಿದೆ.

ಟರ್ಬೊ ಮಾಡುವ ಕೆಲಸವೇನು?

ಎಂಜಿನ್ನಿನ ಹೊಗೆಯನ್ನು ಒಟ್ಟುಗೂಡಿಸುವ ಎರಕದ ಕಬ್ಬಿಣದ ಕೊಳವೆಯೇ ಎಕ್ಸಾಸ್ಟ್ ಮ್ಯಾನಿಫೋಲ್ಡ್. ಅಲ್ಲಿಂದ ರಭಸವಾಗಿ ಬರುವ ಬಿಸಿ ಹೊಗೆ ಟರ್ಬೊದ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಸಣ್ಣ ಗಾಡಿಗಳ ಟರ್ಬೊ ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟುತ್ತದೆ.

ಒತ್ತಡ ಡಬಲ್ ಆದರೆ ಗಾಳಿಯೂ ಡಬಲ್ಲೇ?

ಇಲ್ಲ. ಸೈಕಲ್ ಪಂಪು ಹೊಡೆಯುವಾಗ ಅದರ ತುದಿ ಬಿಸಿಯಾಗುವುದನ್ನು ನೀವು ನೋಡಿರುತ್ತೀರಿ. ಒತ್ತಿದ ಗಾಳಿ ಕಾಯುತ್ತದೆ. ನಮ್ಮ ಕಡೆಯ ಬೇಸಿಗೆಯ 40 ಡಿಗ್ರಿ ಗಾಳಿಯನ್ನು ಎರಡು ಪಟ್ಟು ಒತ್ತಡಕ್ಕೆ ತಂದರೆ ಅದು ಸುಮಾರು 135 ಡಿಗ್ರಿಗೆ ಏರುತ್ತದೆ. ಕಾದ ಗಾಳಿ ಹಿಗ್ಗುವುದರಿಂದ ಎಂಜಿನ್ನಿಗೆ ಸಿಗುವುದು ಸುಮಾರು ಒಂದೂವರೆ ಪಟ್ಟು ಗಾಳಿ ಮಾತ್ರ. ಅದನ್ನು ತಣಿಸಲು ಇಂಟರ್‌ಕೂಲರ್ ಬೇಕು. ಟರ್ಬೊ ದೊಡ್ಡದಾಗಿ ಇಂಟರ್‌ಕೂಲರ್ ಹಳೆಯದೇ ಉಳಿದರೆ ಹಾಕಿದ ದುಡ್ಡಿಗೆ ತಕ್ಕ ಲಾಭವಿಲ್ಲ.

ಇನ್ನೊಂದು ಮಾತು: ದೊಡ್ಡ ಚಕ್ರ ತಿರುಗಲು ಹೆಚ್ಚು ಹೊಗೆ ಬೇಕು. ಆದ್ದರಿಂದ ಅದು ತಡವಾಗಿ ಎದ್ದೇಳುತ್ತದೆ. ಲೋಡ್ ಹೊತ್ತು ನಿಧಾನವಾಗಿ ಏರು ಹತ್ತುವಾಗ, ಅಂದರೆ ಪಿಕಪ್ ನಿಜವಾಗಿ ಬೇಕಾದಾಗಲೇ, ಗಾಡಿ ಮೊದಲಿಗಿಂತ ಮಂದವಾಗಬಹುದು.

ಹಾಗಾದರೆ ಮ್ಯಾನಿಫೋಲ್ಡ್ ಬದಲಿಸಬೇಕೇ?

ಸಣ್ಣ ಬದಲಾವಣೆಗೆ ಬೇಕಿಲ್ಲ. ಎರಕದ ಕಬ್ಬಿಣ ದಪ್ಪವಾಗಿರುತ್ತದೆ, ಶಾಖ ಹಿಡಿದಿಡುತ್ತದೆ, ಬೇಗ ಬಿರಿಯುವುದಿಲ್ಲ. ಪೈಪು ಬಾಗಿಸಿ ವೆಲ್ಡ್ ಮಾಡಿದ ಅಗ್ಗದ ಮ್ಯಾನಿಫೋಲ್ಡಿಗಿಂತ ಕಂಪನಿಯದೇ ಹೆಚ್ಚು ಬಾಳಿಕೆ ಬರುವುದುಂಟು. ಆದರೆ ಮೂರು ವಿಷಯ ನೋಡಬೇಕು.

1. ಫ್ಲೇಂಜ್: ಟರ್ಬೊ ಕೂರುವ ಮುಖದ ಆಕಾರ, ಬೋಲ್ಟ್ ತೂತು ಸರಿಹೊಂದಬೇಕು. ಮಧ್ಯೆ ಅಡಾಪ್ಟರ್ ಇಟ್ಟರೆ ಹೊಗೆ ಸೋರುವ ಜಾಗ ಇನ್ನೊಂದು ಹೆಚ್ಚಿತು.

2. ಶಾಖ: ಭಾರ ಎಳೆಯುವ ಡೀಸೆಲ್ ಎಂಜಿನ್ನಿನ ಹೊಗೆ 700 ಡಿಗ್ರಿಯ ಆಸುಪಾಸಿಗೆ ಹೋಗಬಹುದು. ಒಂದೂವರೆ ಅಡಿಯ ಮ್ಯಾನಿಫೋಲ್ಡ್ 600 ಡಿಗ್ರಿಯಷ್ಟು ಕಾದರೆ ಸುಮಾರು 3 ಮಿಲಿಮೀಟರ್ ಉದ್ದವಾಗುತ್ತದೆ, ತಣಿದಾಗ ಮತ್ತೆ ಕುಗ್ಗುತ್ತದೆ. ಈ ಎಳೆದಾಟದಲ್ಲೇ ಸ್ಟಡ್ ಮುರಿಯುವುದು, ಬಿರುಕು ಬಿಡುವುದು.

3. ತೂಕ: ಟರ್ಬೊ ನೇತಾಡುವುದೇ ಮ್ಯಾನಿಫೋಲ್ಡಿನ ಮೇಲೆ. ಹೆಚ್ಚಿದ ತೂಕಕ್ಕೆ ಆಸರೆಯ ಬ್ರಾಕೆಟ್ ಬೇಕು.

ಕೆಲವು ಹೊಸ ಪೆಟ್ರೋಲ್ ಎಂಜಿನ್‌ಗಳಲ್ಲಿ ಮ್ಯಾನಿಫೋಲ್ಡ್ ಸಿಲಿಂಡರ್ ಹೆಡ್ಡಿನಲ್ಲೇ ಸೇರಿಹೋಗಿರುತ್ತದೆ. ಅಲ್ಲಿ ಬದಲಿಸುವ ಪ್ರಶ್ನೆಯೇ ಇಲ್ಲ.

ನಿಜವಾದ ಅಪಾಯ ಎಲ್ಲಿದೆ?

ಮೊದಲನೆಯದು ಇಂಧನ. ಹೆಚ್ಚು ಶಕ್ತಿ ಬರುವುದು ಹೆಚ್ಚು ಡೀಸೆಲ್ ಉರಿದಾಗ. ಗಾಳಿಯ ಲೆಕ್ಕ ಮೀರಿ ಡೀಸೆಲ್ ಸುರಿದರೆ ಕಪ್ಪು ಹೊಗೆ ಏಳುತ್ತದೆ, ಶಾಖ ಏರುತ್ತದೆ, ಅಲ್ಯೂಮಿನಿಯಂ ಪಿಸ್ಟನ್ ಸುಡುತ್ತದೆ. ಕಪ್ಪು ಹೊಗೆ ಶಕ್ತಿಯ ಗುರುತಲ್ಲ, ಉರಿಯದೆ ಉಳಿದ ಇಂಧನದ ಗುರುತು.

ಎರಡನೆಯದು ಆಯಿಲ್. ಟರ್ಬೊದಿಂದ ಆಯಿಲ್ ತಾನಾಗಿ ಕೆಳಗಿಳಿದು ಬರಬೇಕು. ಹೊಸ ಟರ್ಬೊ ಕೂರಿಸುವಾಗ ಆ ಪೈಪು ಮಡಚಿದರೆ ಆಯಿಲ್ ಸೀಲ್ ದಾಟಿ ಎಂಜಿನ್ನಿಗೆ ನುಗ್ಗಬಹುದು. ಆಗ ಡೀಸೆಲ್ ಎಂಜಿನ್ ತನ್ನ ಆಯಿಲನ್ನೇ ಉರಿಸಿಕೊಂಡು ಓಡುತ್ತದೆ, ಕೀ ತಿರುಗಿಸಿದರೂ ನಿಲ್ಲದೆ ಹೋಗಬಹುದು. ಹಾಗಾದರೆ ಗಾಡಿ ನಿಲ್ಲಿಸಿ, ಬ್ರೇಕ್ ಬಲವಾಗಿ ಒತ್ತಿ ಹಿಡಿದು, ಟಾಪ್ ಗೇರ್ ಹಾಕಿ ಕ್ಲಚ್ ಬಿಟ್ಟು ಎಂಜಿನ್ ಬಂದ್ ಮಾಡಲು ನೋಡಬೇಕು. ಆಗದಿದ್ದರೆ ಎಲ್ಲರೂ ಇಳಿದು ದೂರ ಸರಿಯಬೇಕು. ಬಾನೆಟ್ ಎತ್ತಿ ಕೈ ಹಾಕಬಾರದು.

ಮೂರನೆಯದು ಬ್ರೇಕ್. ಏರು ಹತ್ತಿದ ಗಾಡಿ ಇಳಿಯಲೂ ಬೇಕು. ಟರ್ಬೊ ಬ್ರೇಕನ್ನು ಬಲಪಡಿಸುವುದಿಲ್ಲ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ನಿಯಮ ಮೀರಿದ ಮಾಲೀಕರಿಗೆ 6 ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ವಿಮೆ ಕಂಪನಿಗೆ ತಿಳಿಸದೆ ಮಾಡಿದ ಬದಲಾವಣೆ ಕ್ಲೇಮ್ ಹೊತ್ತಿನಲ್ಲಿ ತೊಂದರೆ ಕೊಡಬಹುದು. ಕೆಟ್ಟ ಟರ್ಬೊ ತೆಗೆದು ಅದೇ ಪಾರ್ಟ್ ನಂಬರಿನದನ್ನು ಹಾಕುವುದು ರಿಪೇರಿ, ಅದಕ್ಕೆ ಈ ಭಯವಿಲ್ಲ.

ನಮ್ಮ ಸಲಹೆ

ಪಿಕಪ್ ಕುಗ್ಗಿದ್ದರೆ ಮೊದಲು ಏರ್ ಫಿಲ್ಟರ್ ನೋಡಿ. ಅದಿರಿನ ಕೆಂಪು ಧೂಳಿನ ದಾರಿಯಲ್ಲಿ ಅದು ಬೇಗ ಕಟ್ಟಿಕೊಳ್ಳುತ್ತದೆ. ಆಮೇಲೆ ಇಂಟರ್‌ಕೂಲರ್ ಪೈಪಿನ ಸೋರಿಕೆ, ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಇಂಜೆಕ್ಟರ್ ಪರೀಕ್ಷೆ ಮಾಡಿಸಿ. ಘಾಟ್ ಹತ್ತಿದ ಕೂಡಲೇ ಎಂಜಿನ್ ಆಫ್ ಮಾಡಬೇಡಿ. ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟರೆ ಟರ್ಬೊ ತಣಿಯುತ್ತದೆ. ಹೋದ ಶಕ್ತಿ ಎಷ್ಟೋ ಸಲ ಇಷ್ಟರಲ್ಲೇ ಮರಳುತ್ತದೆ.

ತೀರ್ಮಾನ: ಮ್ಯಾನಿಫೋಲ್ಡ್ ಹಾಗೇ ಉಳಿಸಿ ಟರ್ಬೊ ಬದಲಿಸಬಹುದು ಎಂಬುದು ತಾಂತ್ರಿಕವಾಗಿ ನಿಜ. ಅಷ್ಟರಿಂದಲೇ ಶಕ್ತಿ ಡಬಲ್ ಆಗುತ್ತದೆ ಎಂಬುದು ಸುಳ್ಳು. ಮುಂದಿನ ಬಾರಿ ಅಂಥ ಮೆಸೇಜ್ ಬಂದರೆ ಡ್ರೈವರ್ ಗೆಳೆಯರಿಗೆ ಅದರ ಬದಲು ಇದನ್ನು ಕಳಿಸಿ.